ಸರ್ವರ್ ತಾನಾಗಿ ಆಫ್ ಆಗುತ್ತಿದೆಯೇ? ಬಿಡಿಭಾಗ ಕೊಳ್ಳುವ ಮೊದಲು ಕೋಣೆಯ ತೇವಾಂಶ ಅಳೆಯಿರಿ

ಕರಾವಳಿಯಲ್ಲಿ ಸಣ್ಣದೊಂದು ಸರ್ವರ್ ಕೋಣೆ ಇಟ್ಟುಕೊಂಡಿರುವ ಸಹಕಾರ ಸಂಘ, ಶಾಲೆ, ಆಸ್ಪತ್ರೆಗಳವರು ನಮ್ಮಂತೆ ಹಣ ಕಳೆದುಕೊಳ್ಳಬಾರದೆಂದು ಇದನ್ನು ಬರೆಯುತ್ತಿದ್ದೇನೆ. ಮಂಗಳೂರಿನ ಬಂದರು ಪ್ರದೇಶದ ಹಳೆಯ ಹೆಂಚಿನ ಕಟ್ಟಡವೊಂದರಲ್ಲಿ ನಮ್ಮ ಕಚೇರಿ ಇದೆ. ಕಳೆದ ಮಳೆಗಾಲದಲ್ಲಿ ಇಲ್ಲಿನ ಎರಡೂ ಸರ್ವರ್‌ಗಳು ರಾತ್ರಿ ಹೊತ್ತು ಕಾರಣ ಕಾಣದೆ ಆಫ್ ಆಗತೊಡಗಿದವು. ವಾರ್ಷಿಕ ನಿರ್ವಹಣೆಯ ಗುತ್ತಿಗೆ ಪಡೆದಿದ್ದ ಕಂಪನಿಯವರು ಮೊದಲು ಪವರ್ ಸಪ್ಲೈ, ಆಮೇಲೆ ಮದರ್‌ಬೋರ್ಡ್, ಕೊನೆಗೆ ಯುಪಿಎಸ್ ಬದಲಾಯಿಸಿದರು. ಪ್ರತಿ ಸಲವೂ ಸರ್ವರನ್ನು ಬಿಚ್ಚಿ, ಒರೆಸಿ, ಮತ್ತೆ ಜೋಡಿಸಿದ ಮೇಲೆ ಕೆಲವು ದಿನ ಎಲ್ಲವೂ ಸರಿಯಿರುತ್ತಿದ್ದುದರಿಂದ, ಆಗಷ್ಟೇ ತೆಗೆದುಹಾಕಿದ ಭಾಗವೇ ಕೆಟ್ಟಿತ್ತೆಂಬ ಅವರ ವಾದಕ್ಕೆ ಬಲ ಬರುತ್ತಿತ್ತು.

ಅದಕ್ಕಿಂತ ಕೆಟ್ಟದ್ದು ನಡೆದದ್ದು ವಾಚ್‌ಮನ್ ವಿಷಯದಲ್ಲಿ. ಸರ್ವರ್ ಆಫ್ ಆಗಿದ್ದಾಗಲೂ ಎಚ್ಚರವಾಗಿರುವ ಬಿಎಂಸಿ ಎಂಬ ನಿರ್ವಹಣಾ ಚಿಪ್‌ನ ಲಾಗ್ (ಘಟನೆಗಳ ದಾಖಲೆ) ತೆರೆದ ಕಂಪನಿಯ ಇಂಜಿನಿಯರ್, ರಾತ್ರಿ 9:30ರ ಸುಮಾರಿಗೆ ಯಾರೋ ಪವರ್ ಬಟನ್ ಒತ್ತಿದ್ದಾರೆಂದು ತೋರಿಸಿದರು. ವಾಚ್‌ಮನ್ ದೀಪಗಳನ್ನು ಆರಿಸಿ ಬೀಗ ಹಾಕುವುದು ಅದೇ ಹೊತ್ತಿಗೆ. "ಬಾಗಿಲು ಎಳೆದು ನೋಡುವುದು ಬಿಟ್ಟರೆ ನಾನು ಆ ಕೋಣೆಯ ಒಳಗೆ ಹೋದವನೇ ಅಲ್ಲ ಸರ್" ಎಂದು ಆತ ಎಷ್ಟು ಹೇಳಿದರೂ ಆಡಳಿತ ಮಂಡಳಿ ವಿವರಣೆ ಕೇಳಿ ನೋಟಿಸ್ ಕೊಟ್ಟೇಬಿಟ್ಟಿತು.

ಆದರೆ ಲೆಕ್ಕ ಹೊಂದುತ್ತಿರಲಿಲ್ಲ. ಸರ್ವರಿನ ಆಪರೇಟಿಂಗ್ ಸಿಸ್ಟಮ್ ಆದ ಲಿನಕ್ಸ್‌ನ ಲಾಗ್ ಪ್ರಕಾರ ಅದೇ ರಾತ್ರಿ 11ಕ್ಕೆ ಆರಂಭವಾದ ಬ್ಯಾಕಪ್ ಪೂರ್ತಿಯಾಗಿ ಮುಗಿದಿತ್ತು. ಒಂಬತ್ತೂವರೆಗೆ ಆಫ್ ಆದ ಯಂತ್ರ ಹನ್ನೊಂದಕ್ಕೆ ಬ್ಯಾಕಪ್ ಮಾಡುವುದಾದರೂ ಹೇಗೆ? ಬಿಎಂಸಿಯ ಗಡಿಯಾರ ಯುಟಿಸಿ ಎಂಬ ಜಾಗತಿಕ ಪ್ರಮಾಣ ಸಮಯದಲ್ಲಿ ಓಡುತ್ತಿತ್ತು. ಅದಕ್ಕೆ ಐದೂವರೆ ಗಂಟೆ ಕೂಡಿಸಿದರೆ ನಮ್ಮ ಸಮಯ ನಸುಕಿನ 3 ಗಂಟೆ, ಅಂದರೆ ಕೋಣೆಗೆ ಬೀಗ ಬಿದ್ದು, ಬೀಗದ ಕೈ ಮ್ಯಾನೇಜರ್ ಮನೆಯಲ್ಲಿರುವ ಹೊತ್ತು. ನಿರ್ವಹಣೆಗೆಂದೇ ಹಣ ಪಡೆಯುವವರು ಒಬ್ಬ ಮನುಷ್ಯನ ಮೇಲೆ ಬೆರಳು ತೋರಿಸುವ ಮೊದಲು ಇಷ್ಟನ್ನಾದರೂ ನೋಡಬೇಕಿತ್ತು.

ಬಟನ್ ಒತ್ತಿದವರಿಲ್ಲ, ಆದರೂ ಒತ್ತಿದಂತೆ ದಾಖಲಾಗಿದೆ ಎಂದ ಮೇಲೆ ಸಂಶಯ ಬಟನ್ನಿನ ಮೇಲೆಯೇ ಹೋಗಬೇಕು. ಬಟನ್ ಇರುವ ಮುಂಭಾಗದ ಪುಟ್ಟ ಬೋರ್ಡನ್ನು ಬಿಚ್ಚಿದಾಗ ಅದರ ಮೇಲೆ ಧೂಳಿನ ಪದರವೂ ಬೆಸುಗೆಯ ಸುತ್ತ ಹಸಿರು ಕಿಲುಬೂ ಕಂಡವು. ಓಡುತ್ತಿರುವ ಸರ್ವರಿನ ಒಡಲು ಬಿಸಿಯಿರುವುದರಿಂದ ಒಣಗಿಯೇ ಇರುತ್ತದೆ. ಗಾಳಿ ಒಳನುಗ್ಗುವ ಬಾಯಲ್ಲೇ ಇರುವ ಈ ಬೋರ್ಡ್ ಮಾತ್ರ ಕೋಣೆಯಷ್ಟೇ ತಣ್ಣಗಿರುತ್ತದೆ. ಕಡಲ ಗಾಳಿ ತರುವ ಧೂಳಿನಲ್ಲಿ ಉಪ್ಪಿದೆ, ಮತ್ತು ಸಾಪೇಕ್ಷ ಆರ್ದ್ರತೆ (ಆ ತಾಪಮಾನದಲ್ಲಿ ಗಾಳಿ ಹಿಡಿದಿಡಬಲ್ಲ ತೇವದಲ್ಲಿ ಎಷ್ಟು ಪಾಲು ಇದೆಯೆಂಬ ಅಳತೆ) ಸುಮಾರು ಶೇ. 75 ದಾಟಿದರೆ ಅಡುಗೆ ಉಪ್ಪು ಗಾಳಿಯ ತೇವವನ್ನೇ ಹೀರಿ ನೀರಾಗುತ್ತದೆ. ಆ ತೆಳು ಉಪ್ಪುನೀರು ಬಟನ್ನಿನ ಎರಡು ತುದಿಗಳ ನಡುವೆ ವಿದ್ಯುತ್ ಹರಿಸಿದರೆ ಮದರ್‌ಬೋರ್ಡಿಗೆ ಅದು ಬೆರಳು ಒತ್ತಿದಂತೆಯೇ. ನಾಲ್ಕು ಸೆಕೆಂಡು ಒತ್ತಿ ಹಿಡಿದಂತಾದರೆ ಆಪರೇಟಿಂಗ್ ಸಿಸ್ಟಮ್ಮಿನ ಗಮನಕ್ಕೂ ಬಾರದೆ ವಿದ್ಯುತ್ ಕಡಿದುಹೋಗುತ್ತದೆ. ಕೆಲವು ರಾತ್ರಿ ಲಿನಕ್ಸ್ ಲಾಗ್ ಅರ್ಧಕ್ಕೇ ನಿಂತು ಫೈಲ್ ಸಿಸ್ಟಮ್ ಕೆಡುತ್ತಿದ್ದುದಕ್ಕೆ ಇದೇ ಕಾರಣ.

ಕಂಪನಿಯ ಸಲಹೆಗಳೇ ಇದನ್ನು ಹೆಚ್ಚಿಸಿದ್ದವು. ಕೋಣೆಗೆ ಗಾಳಿ ಸಾಲದೆಂದು ಅವರು ಎಕ್ಸಾಸ್ಟ್ ಫ್ಯಾನ್ ಹಾಕಿಸಿದ್ದರು. ಅದು ಹೊರದಬ್ಬಿದಷ್ಟು ಗಾಳಿ ಬಾಗಿಲ ಸಂದಿಯಿಂದ ಮಳೆಗಾಲದ ತೇವ ಹೊತ್ತು ಒಳಬರುತ್ತಿತ್ತು. ಎಸಿಯನ್ನು 18 ಡಿಗ್ರಿಗೆ ಇಡಿಸಿದ್ದೂ ಅವರೇ. ಹೊರಗಿನ ಗಾಳಿಯ ಇಬ್ಬನಿ ಬಿಂದು (ತಣಿದ ಗಾಳಿಯ ತೇವ ನೀರಹನಿಯಾಗತೊಡಗುವ ತಾಪಮಾನ) 23-24 ಡಿಗ್ರಿಯ ಆಸುಪಾಸಿರುವ ಆಷಾಢದಲ್ಲಿ, ಅದೇ ಗಾಳಿ ಸೋರಿ ಬರುವ ಕೋಣೆಯನ್ನು ತಂಪಾಗಿಸಿದಷ್ಟೂ ಆರ್ದ್ರತೆ ಏರುತ್ತದೆ. ಜೊತೆಗೆ ನಮ್ಮ ಎಸಿ ಕೋಣೆಗೆ ಬೇಕಾದುದಕ್ಕಿಂತ ದೊಡ್ಡದು. ರಾತ್ರಿ ಕಂಪ್ರೆಸರ್ ಬೇಗನೆ ನಿಂತು ಫ್ಯಾನ್ ಮಾತ್ರ ತಿರುಗುವಾಗ ಕಾಯಿಲಿನ ಮೇಲಿನ ನೀರು ಮರಳಿ ಕೋಣೆಗೇ ಸೇರುತ್ತಿತ್ತು. ದಾಖಲೆ ಇಡುವ ಆರ್ದ್ರತಾ ಮಾಪಕ ಇಟ್ಟಾಗ ಹಗಲು ಶೇ. 60ರ ಸುಮಾರಿದ್ದದ್ದು ನಸುಕಿನಲ್ಲಿ ಶೇ. 85 ದಾಟಿತು. ಇಂಜಿನಿಯರ್‌ಗಳು ಬರುತ್ತಿದ್ದುದು ಹಗಲು ಹನ್ನೊಂದರ ಮೇಲೆ. ಅವರಿಗೆ ಏನೂ ಕಾಣದಿದ್ದುದು ಸಹಜವೇ. ಸರ್ವರ್‌ಗೆ ಒಳಬರುವ ಗಾಳಿ 18ರಿಂದ 27 ಡಿಗ್ರಿಯೊಳಗೂ, ಇಬ್ಬನಿ ಬಿಂದು 15 ಡಿಗ್ರಿ ಮೀರದಂತೆಯೂ ಇರಲಿ ಎಂಬುದು ಹವಾನಿಯಂತ್ರಣ ಇಂಜಿನಿಯರ್‌ಗಳ ಅಮೆರಿಕದ ಸಂಸ್ಥೆಯಾದ ಆಶ್ರೇ (ASHRAE) ಮಾಡಿರುವ ಶಿಫಾರಸು. ಮೊದಲನೆಯದನ್ನು ಎಲ್ಲರೂ ಬಲ್ಲರು; ಎರಡನೆಯದನ್ನು ನಮಗೆ ಯಾರೂ ಹೇಳಿರಲಿಲ್ಲ.

ಮುಂಭಾಗದ ಬೋರ್ಡಿನ ಕೇಬಲ್ ಕಳಚಿ, ಬಿಎಂಸಿ ಮೂಲಕ ದೂರದಿಂದಲೇ ಆನ್ ಮಾಡಿದ ಮೇಲೆ ಎರಡೂ ಸರ್ವರ್‌ಗಳು ಒಮ್ಮೆಯೂ ನಿಲ್ಲಲಿಲ್ಲ. ಆಮೇಲೆ ಬೋರ್ಡುಗಳನ್ನು ಐಸೊಪ್ರೊಪೈಲ್ ಆಲ್ಕೋಹಾಲ್‌ನಿಂದ ತೊಳೆದು, ಫ್ಯಾನಿನ ಕಿಂಡಿ ಮುಚ್ಚಿ, ಬಾಗಿಲಿಗೆ ರಬ್ಬರ್ ಪಟ್ಟಿ ಹೊಡೆಸಿ, ಡಿಹ್ಯುಮಿಡಿಫೈಯರ್ ಇರಿಸಿ, ಎಸಿಯನ್ನು 24 ಡಿಗ್ರಿಗೆ ತಂದೆವು. ವಾಚ್‌ಮನ್‌ಗೆ ಕೊಟ್ಟ ನೋಟಿಸನ್ನು ಮಂಡಳಿ ಲಿಖಿತವಾಗಿ ಹಿಂಪಡೆಯಿತು.

ಹಣ ಮಾತ್ರ ಮರಳಲಿಲ್ಲ. ಕಿಲುಬಿನ ಫೋಟೊ ಮುಂದಿಟ್ಟಾಗ ಕಂಪನಿಯವರು ತೋರಿಸಿದ್ದು, ಪರಿಸರದಿಂದಾದ ಹಾನಿಗೆ ತಾವು ಹೊಣೆಯಲ್ಲವೆಂಬ ಕರಾರಿನ ಷರತ್ತನ್ನು. ನಿಮ್ಮ ಕರಾರಿನಲ್ಲಿಯೂ ಅದು ಇರಬಹುದು, ನವೀಕರಣಕ್ಕೆ ಸಹಿ ಹಾಕುವ ಮೊದಲು ಓದಿಕೊಳ್ಳಿ. ಕೋಣೆಯ ಆರ್ದ್ರತೆಯನ್ನು ರಾತ್ರಿ ಪೂರ್ತಿ ದಾಖಲಿಸಿ ಲಿಖಿತ ವರದಿ ಕೊಡದೆ ಯಾವ ಬಿಡಿಭಾಗದ ಬಿಲ್ಲನ್ನೂ ಮಾಡುವಂತಿಲ್ಲ ಎಂಬ ಸಾಲನ್ನೂ ಅದರಲ್ಲಿ ಸೇರಿಸಿಕೊಳ್ಳಿ.