ಇನ್ವರ್ಟರ್ ಬ್ಯಾಟರಿಗೆ ದೋಣಿ ಮೋಟರ್ ಕಟ್ಟುವ ಮುನ್ನ

ತೋಟದ ಕೆರೆಯಲ್ಲಿ ಎಲೆಕ್ಟ್ರಿಕ್ ಮೋಟರ್ ಹಾಕಿ ದೋಣಿ ಓಡಿಸುವವರು ದಯವಿಟ್ಟು ಓದಿ. ಕೊಡಗಿನ ಸುಂಟಿಕೊಪ್ಪ ಕಡೆಯ ಒಂದು ಕಾಫಿ ತೋಟ. ಕಾಫಿ ಹೂವರಳಲೆಂದು ಸ್ಪ್ರಿಂಕ್ಲರ್ ಓಡುತ್ತಿದ್ದ ದಿನಗಳು. ಕೆರೆಯ ನಡುವೆ ದೋಣಿ ನಿಂತುಹೋಯಿತು, ಹಿಂದೆಯೇ ಸುಟ್ಟ ಪ್ಲಾಸ್ಟಿಕ್ ವಾಸನೆ. ಸೀಟಿನ ಕೆಳಗೆ ವೈರ್ ಜಾಯಿಂಟ್ ಕರಗಿ, ಸುತ್ತಿದ ಟೇಪು ಕಪ್ಪು ಉಂಡೆಯಾಗಿತ್ತು. ಅದರಡಿ ದೋಣಿಯ ಫೈಬರ್ ಮೇಲೆ ಅಂಗೈಯಗಲ ಸುಟ್ಟ ಕಲೆ. ಹುಟ್ಟು ಇರಲಿಲ್ಲ, ಸುತ್ತಲೂ ಅಂತರಗಂಗೆ. ದಡದಿಂದ ಹಗ್ಗ ಎಸೆದು ಎಳೆಯಬೇಕಾಯಿತು. ಜೀವಕ್ಕೆ ಏನೂ ಆಗಲಿಲ್ಲ, ಅದೇ ಪುಣ್ಯ.

ಮೋಟರ್ ಸರಿಯಾಗಿಯೇ ಇತ್ತು, ಕೆಟ್ಟಿದ್ದು ವೈರಿಂಗ್. 55 ಪೌಂಡ್ ಥ್ರಸ್ಟಿನ (ದೋಣಿಯನ್ನು ತಳ್ಳುವ ಬಲ) 12 ವೋಲ್ಟ್ ಮೋಟರ್ ಫುಲ್ ಸ್ಪೀಡಿನಲ್ಲಿ ಸುಮಾರು 50 ಆಂಪಿಯರ್ ಎಳೆಯುತ್ತದೆ. ಮನೆಯ ಇಸ್ತ್ರಿಪೆಟ್ಟಿಗೆ ಎಳೆಯುವುದು ನಾಲ್ಕೈದು ಆಂಪಿಯರ್, ಅಷ್ಟೇ. ಭಾರ ಸಮವಾಗಲೆಂದು ಬ್ಯಾಟರಿಯನ್ನು ಮುಂದಿಟ್ಟು, 4 ಚದರ ಮಿಲಿಮೀಟರಿನ ಮನೆ ವೈರನ್ನು 3 ಮೀಟರ್ ಎಳೆದಿದ್ದರು. ಹೋಗಿ ಬರುವ ದಾರಿ ಸೇರಿ 6 ಮೀಟರ್. ಇಷ್ಟರಲ್ಲೇ 1.4 ವೋಲ್ಟ್ ನಷ್ಟ, ಸುಮಾರು 70 ವಾಟ್ ಬರೀ ಬಿಸಿ. ಅದೇ ದೂರಕ್ಕೆ 16 ಚದರ ಮಿಲಿಮೀಟರಿನ ತಾಮ್ರದ ಕೇಬಲ್ ಹಾಕಿದರೆ ನಷ್ಟ 0.35 ವೋಲ್ಟ್. ಅದಕ್ಕಿಂತ ತೆಳುವಾದದ್ದು ಬೇಡವೇ ಬೇಡ.

ಜಾಯಿಂಟ್ ಇನ್ನೂ ಅಪಾಯಕಾರಿ. ಕೈಯಲ್ಲಿ ತಿರುಚಿ ಟೇಪು ಸುತ್ತಿದ ಕಡೆ 0.02 ಓಮ್ ತಡೆ ಹುಟ್ಟಿದರೂ 50 ಆಂಪಿಯರಿಗೆ 50 ವಾಟ್ ಬಿಸಿ ಒಂದೇ ಬಿಂದುವಿನಲ್ಲಿ ಸೇರುತ್ತದೆ. ಕರೆಂಟು ಮಿತಿ ಮೀರಿದರೆ ತಾನೇ ಕಡಿಯುವ ಬ್ರೇಕರ್ ಇಲ್ಲಿ ಕಾಪಾಡುವುದಿಲ್ಲ. ಕರೆಂಟು ಮಿತಿ ಮೀರಿಲ್ಲವಲ್ಲ, ಅದು ಬೀಳುವುದೇಕೆ? ಹಾಗಾಗಿ ನಡುವೆ ಜಾಯಿಂಟೇ ಇಲ್ಲದ ಒಂದೇ ಕೇಬಲ್, ಎರಡೂ ತುದಿಗೆ ಕ್ರಿಂಪ್ ಮಾಡಿದ (ಒತ್ತಿ ಬಿಗಿದ) ತಾಮ್ರದ ಲಗ್, ಅಂದರೆ ನಟ್ಟಿಗೆ ಕೂರುವ ತೂತಿನ ತುದಿ, ನಟ್ ಬಿಗಿಮಾಡಿ ಸ್ವಲ್ಪ ವ್ಯಾಸಲಿನ್. ಮೊಸಳೆ ಕ್ಲಿಪ್ ಬೇಡ. ಐದು ನಿಮಿಷ ಓಡಿಸಿ, ಮೋಟರ್ ನಿಲ್ಲಿಸಿ, ಲಗ್ ಮುಟ್ಟಿ ನೋಡಿ. ಬೆರಳು ಇಡಲಾಗದಷ್ಟು ಬಿಸಿಯಿದ್ದರೆ ಅಲ್ಲೇ ತೊಂದರೆ. ಶಾರ್ಟ್ ಆದರೆ, ಪ್ರೊಪೆಲ್ಲರ್ ಸಿಕ್ಕಿಕೊಂಡರೆ ಕಾಯುವುದಕ್ಕೆ 60 ಆಂಪಿಯರ್ ಬ್ರೇಕರ್ ಬೇಕೇ ಬೇಕು, ಅದೂ ಬ್ಯಾಟರಿಯ ಪ್ಲಸ್ಸಿಗೆ ಒಂದು ಗೇಣಿನೊಳಗೆ. ಡಿಸಿಯದ್ದೇ ತನ್ನಿ. ಮನೆಯ ಎಸಿ ಎಂಸಿಬಿಗೆ ಡಿಸಿ ಕಿಡಿಯನ್ನು ಆರಿಸುವ ಶಕ್ತಿ ಇರುವುದಿಲ್ಲ.

ಮಳೆಗಾಲದ ಕರೆಂಟ್ ಕಾಟದಿಂದ ನಮ್ಮಲ್ಲಿ ಎಲ್ಲರ ಮನೆಯಲ್ಲೂ 150 ಆಂಪಿಯರ್ ಅವರ್ ಟ್ಯೂಬುಲರ್ ಬ್ಯಾಟರಿ ಇದೆ, ಅದನ್ನೇ ಹೊತ್ತು ತರುತ್ತಾರೆ. ಆ 150 ಎಂಬ ಲೆಕ್ಕ 20 ತಾಸು ನಿಧಾನವಾಗಿ ಖಾಲಿ ಮಾಡಿದಾಗಿನದು. 50 ಆಂಪಿಯರಿನಲ್ಲಿ ಎಳೆದರೆ ಸಿಗುವುದು 100ರ ಆಸುಪಾಸು, ಬ್ಯಾಟರಿ ಬಾಳಬೇಕಾದರೆ ಅದರಲ್ಲೂ ಅರ್ಧ ಮಾತ್ರ ಬಳಸಬೇಕು. ಅಂದರೆ ಫುಲ್ ಸ್ಪೀಡಿನಲ್ಲಿ ಒಂದೇ ತಾಸು. ಜೊತೆಗೆ ಐವತ್ತು ಕೆಜಿಗೂ ಮೀರಿದ ಭಾರ, ವಾಲಿದರೆ ಚೆಲ್ಲುವ ಆಸಿಡ್. ತಂದೇ ತರುವುದಾದರೆ ಪೆಟ್ಟಿಗೆಯಲ್ಲಿಟ್ಟು ಬೆಲ್ಟ್ ಕಟ್ಟಿ, ಗಾಳಿಯಾಡಲು ಬಿಡಿ.

ವೇಗವನ್ನು ಅರ್ಧಕ್ಕೆ ಇಳಿಸಿದರೆ ಬೇಕಾಗುವ ಶಕ್ತಿ ಹೆಚ್ಚುಕಡಿಮೆ ಎಂಟನೇ ಒಂದು ಭಾಗ. ಐದು ಗೇರಿನ ಹಳೆಯ ಮಾದರಿಗಳಲ್ಲಿ ಅಷ್ಟು ಉಳಿಯುವುದಿಲ್ಲ, ಸ್ವಲ್ಪ ವೇಗ ತಗ್ಗಿಸುವ ಕಾಯಿಲಿನಲ್ಲೇ ಉರಿದುಹೋಗುತ್ತದೆ. ಮೋಟರ್ ನಿಲ್ಲಿಸಿ ಅಳೆದಾಗ 12.4 ವೋಲ್ಟ್ ಕಂಡರೆ ದಡದ ಕಡೆ ತಿರುಗಿ. ಲಿಥಿಯಂ ಬ್ಯಾಟರಿಗೆ ಈ ಅಳತೆ ನಡೆಯದು. ಕೊನೆಯವರೆಗೂ ಜೋರಾಗಿ ಓಡಿ ಬಿಎಂಎಸ್ (ಬ್ಯಾಟರಿಯೊಳಗಿನ ಕಾವಲು ಸರ್ಕ್ಯೂಟ್) ಒಮ್ಮೆಲೇ ಕಟ್ ಮಾಡುತ್ತದೆ, ಅದಕ್ಕೆ ಆಂಪಿಯರ್ ಅವರ್ ಲೆಕ್ಕವಿಡುವ ಮೀಟರ್ ಬೇಕು.

ಫೆಬ್ರವರಿ–ಮಾರ್ಚಿನಲ್ಲಿ ಪಂಪು ಎಳೆದಂತೆ ಕೆರೆ ಇಳಿಯುತ್ತದೆ. ಹಿಂದಿನ ತಿಂಗಳು ಆಳದಲ್ಲಿದ್ದ ಮರದ ಕುತ್ತಿ ಈಗ ಪ್ರೊಪೆಲ್ಲರಿಗೆ ಸಿಗುತ್ತದೆ, ಮೋಟರನ್ನು ಕಾಯಲೆಂದು ತಾನೇ ಮುರಿಯುವ ಪ್ರೊಪೆಲ್ಲರಿನ ಶಿಯರ್ ಪಿನ್ ಮುರಿಯುತ್ತದೆ. ಎರಡು ಪಿನ್, ಒಂದು ಸ್ಪ್ಯಾನರ್ ದೋಣಿಯಲ್ಲೇ ಇರಲಿ. ಅಂತರಗಂಗೆಯ ಬೇರು ಸುತ್ತಿಕೊಂಡರೆ ಥ್ರೊಟಲ್ ಜಾಸ್ತಿ ಮಾಡಬೇಡಿ, ಕರೆಂಟು ಏರಿ ಮೋಟರ್ ಸುಡುತ್ತದೆ. ಮೊದಲು ಬ್ಯಾಟರಿ ಬಿಚ್ಚಿ, ಆಮೇಲೆ ಕೈ ಹಾಕಿ. ಸ್ವಿಚ್ ಆಫ್ ಇದೆ ಎಂದು ನಂಬಿ ಬೆರಳು ಇಡಬೇಡಿ. ಲೈಫ್ ಜಾಕೆಟ್ ತೊಟ್ಟೇ ಹತ್ತಿ, ಎರಡು ಹುಟ್ಟು ಒಳಗಿರಲಿ, ಮೋಟರಿನ ಕ್ಲಾಂಪಿಗೆ ಒಂದು ಹಗ್ಗ ಕಟ್ಟಿ. ಅಲುಗಾಟಕ್ಕೆ ಸ್ಕ್ರೂ ಸಡಿಲವಾಗಿ ಮೋಟರೇ ನೀರಿಗೆ ಬಿದ್ದುಹೋಗುವುದುಂಟು.