ಬ್ರೋ ಬ್ರಿಜ್‌ನ ಕ್ರಾಫಿಶ್ ಹಬ್ಬ

ಹ್ಯೂಸ್ಟನ್‌ನಿಂದ ಐ-10 ಹೆದ್ದಾರಿಯಲ್ಲಿ ಪೂರ್ವಕ್ಕೆ ಹೋದರೆ ಸಿಗುವ, ಅಮೆರಿಕದ ಲೂಸಿಯಾನಾ ರಾಜ್ಯದ ಪುಟ್ಟ ಊರು ಬ್ರೋ ಬ್ರಿಜ್. 1959ರಲ್ಲೇ ರಾಜ್ಯದ ಶಾಸನಸಭೆ ಇದಕ್ಕೆ ‘ಜಗತ್ತಿನ ಕ್ರಾಫಿಶ್ ರಾಜಧಾನಿ’ ಪಟ್ಟ ಕೊಟ್ಟಿದೆ. ಕ್ರಾಫಿಶ್ ಅಂದರೆ ಸಿಹಿನೀರಿನಲ್ಲಿ ಬೆಳೆಯುವ, ಸಿಗಡಿಯಂಥ ಜೀವಿ. ಮೇ ತಿಂಗಳ ಶುರುವಿನಲ್ಲಿ ಹಬ್ಬ.

ಮಂಗಳೂರು ಕಡೆಯ ನನಗೆ ಸಿಗಡಿ ಹೊಸದಲ್ಲ. ಆದರೂ ಎಟೂಫೆ ಅನ್ನೋ ಇಲ್ಲಿನ ಖಾದ್ಯಕ್ಕೆ ಸೋತೆ. ಬೆಣ್ಣೆ, ಈರುಳ್ಳಿ, ಸೆಲೆರಿ, ದೊಣ್ಣೆಮೆಣಸಿನ ಜೊತೆ ಬೆಂದ ಕ್ರಾಫಿಶ್, ಕೆಳಗೆ ಬಿಸಿ ಅನ್ನ. ಅನ್ನ ಕಂಡರೆ ಸಾಕು ಅಲ್ವಾ ನಮಗೆ! ಇಡಿಯಾಗಿ ಬೇಯಿಸಿದ್ದಾದರೆ ತಲೆ ತಿರುಚಿ, ಬಾಲದ ಮಾಂಸ ಎಳೆದು ತಿನ್ನಬೇಕು. ಒಂದು ಮಳಿಗೆಯಲ್ಲಿ ಉಪ್ಪು ಜಾಸ್ತಿ, ಕ್ಯೂ ಇನ್ನೂ ಜಾಸ್ತಿ.

ಕೇಜನ್ (ಲೂಸಿಯಾನಾದ ಫ್ರೆಂಚ್ ಮೂಲದ ಜನ) ಬ್ಯಾಂಡಿನ ಅಕಾರ್ಡಿಯನ್, ಪಿಟೀಲು ಶುರುವಾದರೆ ಅಜ್ಜ ಅಜ್ಜಿಯರೂ ಜೋಡಿಯಾಗಿ ಕುಣಿಯುತ್ತಾರೆ. ಹಾಡು ಫ್ರೆಂಚ್‌ನಲ್ಲಿ. ಕ್ರಾಫಿಶ್ ಓಟದ ಪಂದ್ಯ ಮಕ್ಕಳಿಗೆ ಖುಷಿ, ನನಗೆ ಸುಮ್ನೆ ಟೈಂಪಾಸ್. ಬಿಸಿಲಿದೆ, ಟೋಪಿ ಒಯ್ಯಿರಿ. ಸಸ್ಯಾಹಾರಿಗಳು ಊಟ ಮುಗಿಸಿಕೊಂಡೇ ಹೋಗಿ.