ಬದನೆಗೆ ಬೇವಿನ ಕಷಾಯವೋ, ಶಿಲೀಂಧ್ರವೋ, ಮೋಹಕ ಬಲೆಯೋ: ಸಾಸವಡದ ಹೊಲದಲ್ಲಿ ಒಂದು ಹಂಗಾಮಿನ ಹೋಲಿಕೆ

ಪುಣೆಯಿಂದ ದಿವೆ ಘಾಟು ಹತ್ತಿ ಸಾಸವಡದ ಕಡೆ ಹೋದರೆ ಸಿಗುವ ಒಂದು ಬದನೆ ಹೊಲದಲ್ಲಿ, ಕಳೆದ ಮಳೆಗಾಲದಿಂದ ದೀಪಾವಳಿಯವರೆಗೆ, ನಾವು ಮೂವರು ಗೆಳೆಯರು ಪ್ರತಿ ಶನಿವಾರ ಹುಳ ಎಣಿಸಿದೆವು. ಹೊಲ ವಿಜಯಪುರದ ಕಡೆಯಿಂದ ಬಂದು ಇಲ್ಲಿಯೇ ನೆಲೆಸಿದ ಕಾಕಾ ಅವರದು. ನಾವು ಮೂವರೂ ಹಿಂಜೆವಾಡಿಯಲ್ಲಿ ಪ್ರೋಗ್ರಾಂ ಬರೆದು ಬದುಕುವವರು. ವಿಷದ ಔಷಧ ಹೊಡೆಯದೆ ಬದನೆ ತೆಗೆಯಬೇಕಾದರೆ ಯಾವುದಕ್ಕೆ ಹಣ ಹಾಕಬೇಕು ಎಂಬುದು ಕಾಕಾ ಅವರ ಪ್ರಶ್ನೆಯಾಗಿತ್ತು. ಅದಕ್ಕೆ ಉತ್ತರ ಹುಡುಕಲು ಬೇವಿನ ಬೀಜದ ಕಷಾಯ, ಬವೇರಿಯಾ ಬ್ಯಾಸಿಯಾನಾ ಎಂಬ ಶಿಲೀಂಧ್ರ, ಹಾಗೂ ಲೂಸಿಲ್ಯೂರ್ (ಹೆಣ್ಣು ಪತಂಗದ ವಾಸನೆ ಬೀರಿ ಗಂಡನ್ನು ಸೆಳೆಯುವ ವಸ್ತು) ಹಾಕಿದ ಮೋಹಕ ಬಲೆ, ಈ ಮೂರನ್ನು ಹೊಲದ ಬೇರೆ ಬೇರೆ ಪಟ್ಟಿಗಳಲ್ಲಿ ಪರೀಕ್ಷಿಸಿದೆವು. ಬಲೆ ಅಕ್ಕಪಕ್ಕದ ಸಾಲುಗಳ ಪತಂಗಗಳನ್ನೂ ಸೆಳೆದುಕೊಳ್ಳುತ್ತದೆಯಾದ್ದರಿಂದ ಅದನ್ನು ಮಾತ್ರ ಕಾಲುವೆಯ ಆಚೆಗಿನ ತುಂಡಿನಲ್ಲಿ ಇಟ್ಟೆವು. ಹೀಗೆ ಇಟ್ಟರೂ ಇದು ಸಂಶೋಧನಾ ಕೇಂದ್ರದ ಪ್ರಯೋಗಕ್ಕೆ ಸಮನಾಗುವುದಿಲ್ಲ, ಒಂದು ಹೊಲದ ಒಂದು ಹಂಗಾಮಿನ ಅನುಭವವಷ್ಟೇ ಎಂಬುದನ್ನು ಓದುವವರು ಮನಸ್ಸಿನಲ್ಲಿ ಇಟ್ಟುಕೊಳ್ಳಬೇಕು.

ಬದನೆಗೆ ಮುಖ್ಯ ಶತ್ರು ಕುಡಿ ಮತ್ತು ಕಾಯಿ ಕೊರೆಯುವ ಹುಳು. ಬಿ.ಟಿ. ಬದನೆ ಎಂಬ ಕುಲಾಂತರಿ ತಳಿಯನ್ನು ರೂಪಿಸಿದ್ದೂ ಇದೇ ಹುಳುವಿಗಾಗಿ. 2010ರ ಫೆಬ್ರವರಿಯಲ್ಲಿ ಕೇಂದ್ರ ಸರ್ಕಾರ ಅದಕ್ಕೆ ತಡೆ ಹಾಕಿದ ಮೇಲೆ ನಮ್ಮ ರೈತರ ಮುಂದೆ ಉಳಿದದ್ದು ಸಿಂಪಡಣೆ ಮತ್ತು ಇಂಥ ನೈಸರ್ಗಿಕ ದಾರಿಗಳು. ಹೆಣ್ಣು ಪತಂಗ ಎಲೆಯ ಅಡಿಯಲ್ಲಿ ಮೊಟ್ಟೆ ಇಡುತ್ತದೆ. ಮರಿ ಹೊರಬಂದ ಕೆಲವೇ ಗಂಟೆಗಳಲ್ಲಿ ಎಳೆಯ ಕುಡಿಯನ್ನೋ ಕಾಯಿಯನ್ನೋ ಕೊರೆದು ಒಳಗೆ ಸೇರಿ, ಹೊಕ್ಕ ತೂತನ್ನು ತನ್ನ ಹಿಕ್ಕೆಯಿಂದಲೇ ಮುಚ್ಚಿಕೊಳ್ಳುತ್ತದೆ. ಅಲ್ಲಿಂದ ಮುಂದೆ ಹೊರಗಿನಿಂದ ಏನು ಹೊಡೆದರೂ ಅದಕ್ಕೆ ಮುಟ್ಟುವುದು ಕಷ್ಟ. ನಮ್ಮ ಹೋಲಿಕೆಯ ಫಲಿತಾಂಶವನ್ನು ಬಹುಮಟ್ಟಿಗೆ ನಿರ್ಧರಿಸಿದ್ದು ಈ ಒಂದು ಸಂಗತಿಯೇ.

ಬೇವಿನ ಕಷಾಯವನ್ನು ಇಲ್ಲಿನ ರೈತರು ನಿಂಬೋಳಿ ಅರ್ಕ ಎನ್ನುತ್ತಾರೆ. ನೂರು ಲೀಟರ್ ನೀರಿಗೆ ಐದು ಕಿಲೋ ಬೀಜದ ತಿರುಳು ಎಂಬುದು ರೂಢಿಯ ಅಳತೆ. ನಮ್ಮ ಹದಿನಾರು ಲೀಟರಿನ ಪಂಪಿಗೆ ಎಂಟುನೂರು ಗ್ರಾಂ ಬೇಕಾಯಿತು. ತಿರುಳನ್ನು ಕುಟ್ಟಿ, ಬಟ್ಟೆಯಲ್ಲಿ ಗಂಟು ಕಟ್ಟಿ, ರಾತ್ರಿಯಿಡೀ ನೀರಿನಲ್ಲಿ ನೆನೆಸಿ, ಮರುದಿನ ಗಂಟನ್ನು ಹಿಂಡಿ ಹಿಂಡಿ ನೀರು ಹಾಲಿನಂತೆ ಬೆಳ್ಳಗಾಗುವವರೆಗೆ ತೆಗೆದು, ಸೋಸಿ, ಸ್ವಲ್ಪ ಸೋಪು ಕಲಸಿದೆವು. ಅದರಲ್ಲಿರುವ ಅಜಾಡಿರಾಕ್ಟಿನ್ ಎಂಬ, ಹುಳುವಿನ ಮೇಲೆ ಕೆಲಸ ಮಾಡುವ ಅಂಶ ಬಿಸಿಲಿಗೆ ಬೇಗ ಕೆಡುವುದರಿಂದ ಸಂಜೆಯ ಹೊತ್ತಿನಲ್ಲಿ ಮಾತ್ರ ಹೊಡೆದೆವು. ಜಿಗಿಹುಳು ಮತ್ತು ಬಿಳಿ ನೊಣದ ಮೇಲೆ ಇದು ಚೆನ್ನಾಗಿ ನಡೆಯಿತು. ಹೊಡೆದ ಮರುದಿನವೇ ಹುಳುಗಳು ಸತ್ತು ಬೀಳುವುದಿಲ್ಲ. ತಿನ್ನುವುದನ್ನು ಬಿಡುತ್ತವೆ, ಮರಿಗಳು ಪೊರೆ ಕಳಚಲಾಗದೆ ನಿಲ್ಲುತ್ತವೆ. ಆದ್ದರಿಂದ ನಿಜವಾದ ವ್ಯತ್ಯಾಸ ಕಂಡದ್ದು ಎರಡನೆಯ ವಾರದ ಎಣಿಕೆಯಲ್ಲಿ. ಕಾಯಿ ಕೊರಕದ ಮೇಲೆ ಮಾತ್ರ ಇದರಿಂದ ಆದ ಲಾಭ ಅಲ್ಪ.

ನಡುವೆ ಎರಡು ಸಲ ಅಂಗಡಿಯ ಬೇವಿನ ಎಣ್ಣೆಯನ್ನೂ ಬಳಸಿದೆವು. ಒಂದು ಬಾಟಲಿಯ ಮೇಲೆ ಅಜಾಡಿರಾಕ್ಟಿನ್ ಎಷ್ಟು ಪಿಪಿಎಂ (ಹತ್ತು ಲಕ್ಷದಲ್ಲಿ ಎಷ್ಟು ಪಾಲು) ಎಂಬ ಅಂಕಿಯೇ ಇರಲಿಲ್ಲ, ಮತ್ತು ಅದರಿಂದ ಏನೂ ಪ್ರಯೋಜನವಾಗಲಿಲ್ಲ. 300, 1500, 10000 ಎಂದು ಅಂಕಿ ನಮೂದಿಸಿದ ಬಾಟಲಿಯನ್ನಷ್ಟೇ ಕೊಳ್ಳಬೇಕು. ಸಮಯವಿದ್ದವರಿಗೆ ಮನೆಯ ಕಷಾಯವೇ ಮೇಲು. ಬೀಜ ಮಾತ್ರ ಮೂರರಿಂದ ಎಂಟು ತಿಂಗಳ ಹಳೆಯದಾಗಿ, ನೆರಳಿನಲ್ಲಿ ಒಣಗಿದ್ದಾಗಿರಬೇಕು.

ಬವೇರಿಯಾ ಶಿಲೀಂಧ್ರದ ಬಗ್ಗೆ ನನಗೆ ಬಹಳ ಆಸೆಯಿತ್ತು. 1835ರಲ್ಲಿ ಇಟಲಿಯ ಅಗೊಸ್ತಿನೊ ಬಾಸ್ಸಿ ರೇಷ್ಮೆ ಹುಳುವಿನ ರೋಗಕ್ಕೆ ಕಾರಣವೆಂದು ತೋರಿಸಿಕೊಟ್ಟದ್ದು ಇದನ್ನೇ. ರೇಷ್ಮೆಗೆ ಮಾರಿಯಾದದ್ದು ಕೀಟಹತೋಟಿಗೆ ಒದಗುತ್ತಿದೆ. ಇದರ ಬೀಜಕಣ ಹುಳುವಿನ ಚರ್ಮಕ್ಕೆ ಅಂಟಿ, ಮೊಳೆತು, ಒಳಹೊಕ್ಕು ಕೊಲ್ಲಬೇಕು. ಮೊಳೆಯಲು ತೇವ ಬೇಕು. ಆಗಸ್ಟಿನ ಜಿಟಿಜಿಟಿ ಮಳೆಯ ದಿನಗಳಲ್ಲಿ ಎಲೆಯಡಿಯ ಬಿಳಿ ನೊಣಗಳು ಬೆಳ್ಳನೆಯ ಬೂಸ್ಟಿನಲ್ಲಿ ಮುಚ್ಚಿಹೋದದ್ದನ್ನು ಕಣ್ಣಾರೆ ಕಂಡೆವು. ಅಕ್ಟೋಬರದ ಒಣ ಬಿಸಿಲಿನಲ್ಲಿ ಅದೇ ಪೊಟ್ಟಣದ ಪುಡಿ ಕೆಲಸ ಮಾಡಲಿಲ್ಲ. ಸಾಸವಡದಂತಹ ಮಳೆ ಬೇಗ ಹಿಂದೆಗೆಯುವ ಸೀಮೆಯಲ್ಲಿ ಇದನ್ನು ಪೂರ್ತಿ ನೆಚ್ಚಿಕೊಳ್ಳಲಾಗದು.

ಕಾಯಿ ಕೊರಕದ ವಿಷಯದಲ್ಲಿ ಗೆದ್ದದ್ದು ಮೋಹಕ ಬಲೆ. ಬಲೆಯಲ್ಲಿ ಬೀಳುವುದು ಗಂಡು ಪತಂಗ ಮಾತ್ರ. ಗಂಡು ಕಡಿಮೆಯಾದರೆ, ಗಂಡಿನೊಡನೆ ಕೂಡದ ಹೆಣ್ಣುಗಳು ಇಟ್ಟ ಮೊಟ್ಟೆ ಬರಡಾಗುತ್ತದೆ ಎಂಬುದು ಇದರ ಹಿಂದಿನ ಲೆಕ್ಕ. ಹತ್ತು ಹತ್ತು ಮೀಟರಿಗೆ ಒಂದರಂತೆ, ಗಿಡದ ತಲೆಯ ಮಟ್ಟಕ್ಕೆ ನೀರಿನ ಬಲೆ ಕಟ್ಟಿದೆವು. ಆದರೆ ಬರಿಯ ಬಲೆಗೆ ಈ ಗೆಲುವನ್ನು ಪೂರ್ತಿ ಒಪ್ಪಿಸಲಾರೆ. ಅದೇ ತುಂಡಿನಲ್ಲಿ ಬಾಡಿ ಜೋತ ಕುಡಿಗಳನ್ನು ಬೆರಳುದ್ದ ಕೆಳಗಿನಿಂದ ಕತ್ತರಿಸಿ, ಚೀಲದಲ್ಲಿ ತುಂಬಿ, ಹೊಲದ ಹೊರಗೆ ಸುಡುವ ಕೆಲಸವನ್ನು ಕಾಕಾ ಅವರ ಮನೆಯವರು ವಾರವೂ ತಪ್ಪದೆ ಮಾಡಿದರು. ಒಂದು ಕುಡಿಯನ್ನು ಉಗುರಿನಿಂದ ಸೀಳಿ ನೋಡಿದಾಗ ನಸುಗೆಂಪು ಮರಿಯೊಂದು ಒಳಗೆ ಹಿಕ್ಕೆಯ ನಡುವೆ ಮುದುಡಿಕೊಂಡಿತ್ತು. ಅದನ್ನು ಅಲ್ಲಿಯೇ ಬಿಟ್ಟಿದ್ದರೆ ಕೆಲ ದಿನಗಳಲ್ಲಿ ನೆಲಕ್ಕಿಳಿದು, ಕೋಶ ಕಟ್ಟಿ, ಪತಂಗವಾಗಿ ಏಳುತ್ತಿತ್ತು. ಕತ್ತರಿ ಮತ್ತು ಬಲೆ ಎರಡೂ ಸೇರಿದ ಕಡೆ ಕೊಯ್ಲಿನ ಬುಟ್ಟಿಯಲ್ಲಿ ತೂತಿನ ಕಾಯಿ ಸ್ಪಷ್ಟವಾಗಿ ಕಡಿಮೆಯಾದವು.

ಎಣಿಕೆಯನ್ನು ಬರೆದಿಡುವ ರೀತಿಯನ್ನೂ ಹೋಲಿಸಿ ನೋಡಬೇಕಾಯಿತು. ಮೊದಲ ತಿಂಗಳು ವಾಟ್ಸಾಪ್ ಗುಂಪಿಗೆ ಫೋಟೋ ಹಾಕಿದೆವು. ಅದು ಚಿತ್ರವನ್ನು ಕುಗ್ಗಿಸಿ, ತೆಗೆದ ಜಾಗದ ವಿವರವನ್ನೂ ಅಳಿಸಿಬಿಡುವುದರಿಂದ ಯಾವ ಪಟ್ಟಿಯ ಎಲೆ ಎಂಬುದೇ ಆಮೇಲೆ ತಿಳಿಯಲಿಲ್ಲ. ಎಲ್ಲರೂ ಕೂಡಿ ತುಂಬುವ ಆನ್‌ಲೈನ್ ಹಾಳೆ ಎರಡನೆಯದು. ಒಬ್ಬರು 07/08 ಎಂದು ಆಗಸ್ಟ್ ಏಳನ್ನು ಬರೆದರೆ ಹಾಳೆ ಅದನ್ನು ಜುಲೈ ಎಂಟೆಂದು ಓದಿತು. ಮೇಲಾಗಿ ಹೊಲದಲ್ಲಿ ಸಿಗ್ನಲ್ ಇರಲಿಲ್ಲ. ಕೊನೆಗೆ, ನೆಟ್ ಇಲ್ಲದೆಯೂ ಫೋನಿನಲ್ಲಿ ತುಂಬಬಹುದಾದ ಓಡಿಕೆ (ODK) ಫಾರ್ಮನ್ನು ಕನ್ನಡದಲ್ಲಿ ಮಾಡಿ, ಮನೆಗೆ ಬಂದ ಮೇಲೆ ಅದರ ಅಂಕಿಗಳ ಸಿಎಸ್‌ವಿ (ಸರಳ ಪಠ್ಯದ ಕೋಷ್ಟಕ) ಕಡತಗಳನ್ನು, ಕಡತದ ಪ್ರತಿ ಬದಲಾವಣೆಯನ್ನೂ ದಾಖಲಿಸುವ ಗಿಟ್‌ನಲ್ಲಿ ಇಟ್ಟೆವು. ಲಿನಸ್ ಟೊರ್ವಾಲ್ಡ್ಸ್ 2005ರಲ್ಲಿ ಲಿನಕ್ಸ್ ಕೆಲಸಕ್ಕಾಗಿ ಬರೆದ ಸಾಧನ ಬದನೆಯ ಲೆಕ್ಕಕ್ಕೂ ಒದಗಿತು: ಯಾವ ಅಂಕಿಯನ್ನು ಯಾರು, ಯಾವಾಗ, ಏಕೆ ಬದಲಿಸಿದರು ಎಂಬುದು ಉಳಿಯಿತು. ಮೂವರೂ ಒಂದೇ ಕಡತದ ಒಂದೇ ಸಾಲನ್ನು ತಿದ್ದಿದಾಗ ಯಾರ ತಿದ್ದುಪಡಿ ಉಳಿಸಬೇಕೆಂದು ಗಿಟ್‌ಗೆ ತಿಳಿಯದೆ ತಿಕ್ಕಾಟ ಬರುತ್ತಿದ್ದುದರಿಂದ ಒಬ್ಬರಿಗೆ ಒಂದು ದಿನಕ್ಕೆ ಒಂದು ಕಡತ ಎಂದು ನಿಯಮ ಮಾಡಿಕೊಂಡೆವು.

ಅಷ್ಟಾದರೂ ಮೂವರ ಅಂಕಿಗಳು ಹೊಂದುತ್ತಿರಲಿಲ್ಲ. ತಪ್ಪನ್ನು ಹಿಡಿದವರು ಕಾಕಾ. "ತಮ್ಮಾ, ನೀವೊಬ್ರು ಮ್ಯಾಲಿನ ಎಲಿ ನೋಡ್ತೀರಿ, ಇವ್ರು ಬುಡದ ಎಲಿ ನೋಡ್ತಾರ, ಲೆಕ್ಕಾ ಹ್ಯಾಂಗ ಕೂಡ್ತದ?" ಎಂದರು. ಅಂದಿನಿಂದ ಪ್ರತಿ ಗಿಡದ ಮೇಲಿನ, ನಡುವಿನ, ಕೆಳಗಿನ ಒಂದೊಂದು ಎಲೆ ಎಂದು ಫಾರ್ಮಿನಲ್ಲಿಯೇ ಮೂರು ಪ್ರತ್ಯೇಕ ಪ್ರಶ್ನೆ ಸೇರಿಸಿದೆವು. ಅದಕ್ಕೂ ಮೊದಲಿನ ಎಣಿಕೆಗಳನ್ನು ಅಳಿಸದೆ ಬೇರೆ ಕಡತಕ್ಕೆ ಸರಿಸಿದ್ದೇವೆ. ಈ ಬರಹದ ಯಾವ ತೀರ್ಮಾನಕ್ಕೂ ಅವನ್ನು ಬಳಸಿಲ್ಲ.

ಮುಂದಿನ ಹಂಗಾಮಿಗೆ ಬಲೆ ಮತ್ತು ಕತ್ತರಿಯನ್ನು ಇಡೀ ಹೊಲಕ್ಕೆ ವಿಸ್ತರಿಸಿ, ಜಿಗಿಹುಳು ಹೆಚ್ಚಿದಾಗ ಮಾತ್ರ ಕಷಾಯ ಹೊಡೆಯುವುದೆಂದು ಕಾಕಾ ನಿರ್ಧರಿಸಿದ್ದಾರೆ. ಆಗಲೇ ಗಂಡಿನೊಡನೆ ಕೂಡಿದ ಹೆಣ್ಣು ಪತಂಗ ಪಕ್ಕದ ಹೊಲದಿಂದ ಹಾರಿ ಬಂದರೆ ನಮ್ಮ ಬಲೆ ಅದನ್ನು ತಡೆಯಲಾರದು. ಆದ್ದರಿಂದ ಬದುವಿನ ಆಚೆಗೂ ಬಲೆ ಕಟ್ಟಿಸಲು ನೆರೆಯವರೊಡನೆ ಮಾತು ನಡೆದಿದೆ.